ಹಿತ್ತಿಲಿನ ಬೇವು

ಮೊನ್ನೆ ಸೊಸೆ ಮೊಬೈಲು ಹಿಡಿದುಕೊಂಡು ಟೆರೇಸಿಗೆ ಬಂದಳು. ವಾಮಂಜೂರಿನ ನಮ್ಮ ಮನೆಯ ಟೆರೇಸಿನಲ್ಲಿ ಬಸಳೆ ಚಪ್ಪರ ಉಂಟು, ಅದರ ಬುಡದಲ್ಲಿ ಹರಿವೆ, ನೀರಿನ ಟ್ಯಾಂಕಿಯ ಪಕ್ಕ ಅಲಸಂಡೆ ಬಳ್ಳಿ. ಅಲಸಂಡೆಯ ಕುಡಿಗೆ ಕಪ್ಪು ಹೇನು ಮೆತ್ತಿಕೊಂಡಿತ್ತು, ನಾನು ಬೆರಳಿನಲ್ಲಿ ಸವರಿ ತೆಗೆಯುತ್ತಿದ್ದೆ. ಅವಳ ಮೊಬೈಲಿನಲ್ಲಿ ಒಬ್ಬ ಯುವಕ, ಇಸ್ತ್ರಿ ಹಾಕಿದ ಅಂಗಿ ತೊಟ್ಟು, ಕೈಗೆ ಚೂರೂ ಮಣ್ಣು ತಾಗಿಸದೆ, ಹುಳಿ ಮಜ್ಜಿಗೆಗೆ ಏನೇನೋ ಬೆರೆಸಿ ಹೊಡೆದರೆ ಹೇನು ಹೇಳದೆ ಕೇಳದೆ ಓಡಿಹೋಗುತ್ತದೆ ಎಂದು ಹೇಳುತ್ತಿದ್ದ. ತುಂಬಾ ಜನ ನೋಡಿದ್ದಾರೆ ಅತ್ತೆ, ಎಂದಳು ಸೊಸೆ. ನೋಡಲಿ, ನೋಡುವುದಕ್ಕೇನು, ಎಂದೆ. ನಾನು ಕೇಳಿದ್ದು ಒಂದೇ ಮಾತು.

"ಅವನ ಮನೆಯಲ್ಲಿ ಮಳೆ ಎಷ್ಟು ಬರ್ತದಂತೆ?"

ಅವಳು ನಕ್ಕು, ಅವನು ಮೊಬೈಲಿನ ಒಳಗಿದ್ದಾನೆ, ಕೇಳಿದರೆ ಹೇಳುತ್ತಾನಾ ಎಂದಳು. ಹೇಳದಿದ್ದರೆ ಬಿಡು, ಹೇಳುವವನನ್ನು ಹುಡುಕು ಎಂದೆ. ಈಗ ನನ್ನ ಹತ್ತಿರ ಗಿಡದ ವಿಷಯ ಕೇಳಿಕೊಂಡು ಅಕ್ಕಪಕ್ಕದ ಹೆಂಗಸರು ಬರುತ್ತಾರೆ. ಅವರಿಗೆಲ್ಲ ಮೊದಲು ಕಲಿಸುವುದು ಈ ಪ್ರಶ್ನೆಯನ್ನೇ. ಕೆಲವರಿಗೆ ಇದು ಮುದುಕಿಯ ಕೊಂಕು ಅನ್ನಿಸುತ್ತದೆ, ಅನ್ನಿಸಲಿ. ಆದರೆ ಪ್ರಶ್ನೆ ನನ್ನದಲ್ಲ, ಅಮ್ಮನದು. ಅವಳು ಅದನ್ನು ಸಂಪಾದಿಸಿದ್ದು ಕುದ್ರೋಳಿಯ ಮನೆಯ ಹಿತ್ತಿಲಿನಲ್ಲಿ, ಒಂದು ಮಳೆಗಾಲ ಪೂರ್ತಿ ಪಾಡು ಪಟ್ಟು.

ಕುದ್ರೋಳಿಯ ಆ ಮನೆಯಲ್ಲಿ ಪ್ರತಿಯೊಂದು ಜಾಗಕ್ಕೂ ಒಬ್ಬ ಯಜಮಾನ ಇದ್ದ. ಚಾವಡಿ ಗಂಡಸರದ್ದು. ಅಲ್ಲಿ ಅಪ್ಪ ಬ್ಯಾಂಕಿನಿಂದ ಬಂದು ಪೇಪರ್ ಓದುತ್ತಿದ್ದರು, ಬೇರೆ ಮನೆ ಮಾಡಿಕೊಂಡಿದ್ದ ದೊಡ್ಡಪ್ಪ ಬಂದರೆ ಅಪ್ಪ ಎದ್ದು ಕುರ್ಚಿ ಬಿಟ್ಟುಕೊಡುತ್ತಿದ್ದರು. ನಡುಕೋಣೆ ದೇವರದ್ದು ಮತ್ತು ಅಕ್ಕಿ ಮೂಟೆಯದ್ದು. ಅಡುಗೆಮನೆ ಅಜ್ಜಿಯದ್ದು, ಅಂದರೆ ಅಪ್ಪನ ತಾಯಿಯದ್ದು. ಅಕ್ಕಿ ತೊಳೆಯುವವಳು ಅಮ್ಮ, ಕಲ್ಲಿನಲ್ಲಿ ಮಸಾಲೆ ಕಡೆಯುವವಳು ಅಮ್ಮ, ಬೆಂಕಿಯ ಮುಂದೆ ಕೂತು ಬೆವರುವವಳು ಅಮ್ಮ. ಉಪ್ಪು ಹಾಕುವವಳು ಮಾತ್ರ ಅಜ್ಜಿ. ಸಾರು ಕುದಿಯುವ ಹೊತ್ತಿಗೆ ಅವಳು ಬಂದು ಮರದ ಮರಿಗೆಯಿಂದ ಉಪ್ಪು ತೆಗೆದು ಹಾಕಿ, ಚಮಚದ ಹಿಂದಿನಿಂದ ಅಂಗೈಗೆ ಒಂದು ತೊಟ್ಟು ಬಿಟ್ಟು ನೆಕ್ಕಿ, ಹೂಂ ಎಂದ ಮೇಲೆಯೇ ಪಾತ್ರೆ ಇಳಿಯುತ್ತಿತ್ತು. ಅಮ್ಮ ಆ ಮನೆಗೆ ಬಂದು ಎಷ್ಟೋ ವರ್ಷವಾಗಿದ್ದರೂ ಅವಳ ಕೈಯ ಉಪ್ಪು ಯಾರೂ ಉಂಡಿರಲಿಲ್ಲ. ಇದನ್ನು ಯಾರೂ ಅನ್ಯಾಯ ಎಂದುಕೊಂಡಿರಲಿಲ್ಲ. ನಾನೂ ಅಂದುಕೊಂಡಿರಲಿಲ್ಲ, ಸುಳ್ಳು ಯಾಕೆ ಹೇಳಬೇಕು.

ಉಳಿದದ್ದು ಹಿತ್ತಿಲು. ಬಚ್ಚಲಿನ ಬಾಗಿಲಿನಿಂದ ಕೆಂಪು ಮುರಕಲ್ಲಿನ ಕಂಪೌಂಡಿನವರೆಗೆ ಒಂದು ಪಟ್ಟಿ ಜಾಗ. ಬಾವಿ, ಬಟ್ಟೆ ಒಗೆಯುವ ಕಲ್ಲು, ಕಲ್ಲಿನ ಪಕ್ಕ ಅಮ್ಮನ ಎತ್ತರದ ಒಂದು ಬೇವಿನ ಗಿಡ. ಅಜ್ಜಿ ದಿನವೂ ಬೆಳಿಗ್ಗೆ ಬಂದು ಒಗ್ಗರಣೆಗೆ ಅದರ ಎಲೆ ಕೀಳುತ್ತಿದ್ದಳು. ಉಳಿದ ಕಡೆ ಕೆಂಪು ಜಂಬಿಟ್ಟಿಗೆಯ ಪುಡಿ, ಒಡೆದ ಹಂಚಿನ ಚೂರು. ಗಾಳಿ ಬಂದರಿನ ಕಡೆಯಿಂದ ಬೀಸಿದರೆ ಒಣಮೀನಿನ ವಾಸನೆ. ಬೇವು ಕೀಳುವ ಆ ಗಳಿಗೆ ಬಿಟ್ಟರೆ ಅಲ್ಲಿಗೆ ಯಾರೂ ಬರುತ್ತಿರಲಿಲ್ಲ. ಅದಕ್ಕೇ ಅಮ್ಮನಿಗೆ ಆ ಜಾಗದ ಮೇಲೆ ಅಷ್ಟು ಆಸೆ ಇದ್ದದ್ದು. ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ಅವಳು ಒಗೆಯುವ ಕಲ್ಲಿನ ಮೇಲೆ ಸುಮ್ಮನೆ ಕೂರುತ್ತಿದ್ದಳು. ಎಂತ ಮಾಡ್ತಿ ಎಂದು ಕೇಳಿದರೆ, ಎಂತ ಇಲ್ಲ, ಕೂತಿದ್ದೇನೆ ಅಷ್ಟೆ, ಎನ್ನುತ್ತಿದ್ದಳು. ಕೂರುವುದಕ್ಕೂ ಒಂದು ಜಾಗ ಬೇಕಾಗುತ್ತದೆ ಎಂದು ನನಗೆ ಗೊತ್ತಾದದ್ದು ನಾನು ಮದುವೆಯಾಗಿ ಹೋದ ಮೇಲೆ.

ನಾನಿನ್ನೂ ಶಾಲೆಗೆ ಹೋಗುತ್ತಿದ್ದ ಆ ವರ್ಷ ಬೇಸಿಗೆಯ ಕೊನೆಗೆ ದೊಡ್ಡಪ್ಪ ಹಿತ್ತಿಲಿಗೆ ಬಂದು ನಿಂತು ಅಳತೆ ಹಾಕತೊಡಗಿದರು. ಬಂದರಿನ ರಸ್ತೆಯಲ್ಲಿ ಅವರದ್ದೊಂದು ಹೋಟೆಲು. ಸೌದೆ, ಹಂಡೆ, ಸೋಡಾ ಪೆಟ್ಟಿಗೆ ಇಡಲು ಅಲ್ಲಿ ಜಾಗ ಸಾಲುತ್ತಿರಲಿಲ್ಲ. ಹಿತ್ತಿಲಿಗೆ ಸಿಮೆಂಟು ಹಾಕಿ ಮೇಲೆ ಶೀಟು ಹೊದೆಸಿದರೆ ಗೋದಾಮಾಗುತ್ತದೆ, ಹೇಗೂ ಖಾಲಿ ಬಿದ್ದ ಜಾಗ ಎಂದರು. ಅಪ್ಪ ಅಣ್ಣನ ಮಾತಿಗೆ ಎಂದೂ ಇಲ್ಲ ಎಂದವರಲ್ಲ. ಅಜ್ಜಿಯೂ ಹೂಂಗುಟ್ಟಿದಳು. ಆಗ ಬಚ್ಚಲಿನ ಬಾಗಿಲಲ್ಲಿ ನಿಂತಿದ್ದ ಅಮ್ಮ ಬಾಯಿ ಬಿಟ್ಟಳು. ನಮ್ಮ ಮನೆಯಲ್ಲಿ ಮಾತೆಲ್ಲ ತುಳುವಿನಲ್ಲಿ, ನಾನಿಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ.

"ಭಾವ, ಅದು ಖಾಲಿ ಅಲ್ಲ. ನಾನು ತರಕಾರಿ ಮಾಡ್ತೇನೆ ಅಲ್ಲಿ."

ದೊಡ್ಡಪ್ಪ ಕೆಟ್ಟವರಲ್ಲ. ಅವರಿಗೆ ನಗು ಬಂತು, ಅಷ್ಟೆ. ಈ ಕಲ್ಲುಪುಡಿಯಲ್ಲಿ ತರಕಾರಿಯಾ ಎಂದರು. ಆಯಿತು, ಚೌತಿಯವರೆಗೆ ನೋಡುವ, ಚೌತಿಯ ಊಟಕ್ಕೆ ಈ ಹಿತ್ತಿಲಿನದ್ದು ಏನಾದರೂ ಎಲೆಗೆ ಬಿದ್ದರೆ ಸರಿ, ಇಲ್ಲದಿದ್ದರೆ ಸಿಮೆಂಟು, ಎಂದು ಹೇಳಿ ಹೋದರು. ಅಮ್ಮ ಮಾರನೆಯ ದಿನವೇ ಹಂಚಿನ ಚೂರು ಹೆಕ್ಕಲು ಕೂತಳು.

ಈಗ ಒಂದು ವಿಷಯ ಹೇಳಬೇಕು. ನಮ್ಮದು ಒಂದು ಕಾಲದಲ್ಲಿ ಗದ್ದೆ ತೋಟ ಇದ್ದ ಮನೆತನ. ಭೂಮಸೂದೆ ಬಂದು ಗದ್ದೆ ಹೋಯಿತು, ಮಾತು ಮಾತ್ರ ಉಳಿಯಿತು. ಅಜ್ಜಿ ಬಾಯಿ ತೆಗೆದರೆ ನಮ್ಮ ಬದನೆ ಹಾಗಿತ್ತು, ನಮ್ಮ ಸೌತೆ ಹೀಗಿತ್ತು. ಹಾಗಾಗಿ ಅಮ್ಮ ಮೊದಲು ಕೇಳಿದ್ದು ಅಜ್ಜಿಯನ್ನೇ. ಅಲಸಂಡೆ ಬೀಜ ಎಷ್ಟು ಆಳಕ್ಕೆ ಹಾಕಬೇಕು ಅತ್ತೆ? ಒಂದು ಗೇಣು, ಎಂದಳು ಅಜ್ಜಿ ಒಂದು ದಿನ. ಮೇಲೆಯೇ ಚೆಲ್ಲಿದರೆ ಸಾಕು, ಎಂದಳು ಇನ್ನೊಂದು ದಿನ. ಹೇನು ಬಂದರೆ ನಿಮ್ಮಲ್ಲಿ ಎಂತ ಮಾಡ್ತಿದ್ರಿ ಎಂದರೆ, ನಮ್ಮಲ್ಲಿ ಹೇನೇ ಬರುತ್ತಿರಲಿಲ್ಲ, ಎಂದುಬಿಟ್ಟಳು, ಮರುದಿನ ಒಲೆಯ ಬೂದಿ ಎರಚಿದರೆ ಸಾಕು ಎಂದಳು. ರೇಡಿಯೋದಲ್ಲಿ ಸಂಜೆ ಕೃಷಿಯ ಕಾರ್ಯಕ್ರಮ ಬರುತ್ತಿತ್ತು. ಅಮ್ಮ ಅಕ್ಕಿ ಆರಿಸುತ್ತ ಕಿವಿ ಕೊಟ್ಟು ಕೂರುತ್ತಿದ್ದಳು, ಅಲ್ಲಿ ಭತ್ತ ಮುಗಿದರೆ ಅಡಿಕೆ, ಅಡಿಕೆ ಮುಗಿದರೆ ಭತ್ತ. ಒಂದು ಮನೆಯ ಹಿಂದೆ ಒಬ್ಬ ಹೆಂಗಸು ಒಂದು ಪಟ್ಟಿ ನೆಲ ಇಟ್ಟುಕೊಂಡು ಕೂತಿರಬಹುದು ಎಂಬುದು ಯಾರ ತಲೆಗೂ ಹೋದಂತೆ ಕಾಣಲಿಲ್ಲ. ಬೀಜದ ಅಂಗಡಿಯವನು ಬೀಜ ಕೊಡುತ್ತಿದ್ದ, ಹೇಗೆ ಎಂದು ಕೇಳಿದರೆ, ಹಾಕಿ ಅಕ್ಕ, ಬರ್ತದೆ, ಎನ್ನುತ್ತಿದ್ದ.

ಕೊನೆಗೆ ಅಪ್ಪ ಪೇಟೆಯಿಂದ ಒಂದು ಪುಸ್ತಿಕೆ ತಂದುಕೊಟ್ಟರು, ಮನೆಯ ಹಿತ್ತಿಲಿನಲ್ಲಿ ತರಕಾರಿ ಬೆಳೆಯುವುದು ಹೇಗೆ ಎಂದು. ಅಣ್ಣನ ಎದುರು ಮಾತಾಡಲಾಗದವರು ಹೆಂಡತಿಗೆ ಮಾಡಬಹುದಾದ ಸಹಾಯ ಅದು, ಪಾಪ. ದಿನವೂ ಗಂಜಿ ಉಂಡ ಮೇಲೆ ಅವರು ಚಾವಡಿಯಲ್ಲಿ ಕೂತು ಅದನ್ನು ಗಟ್ಟಿಯಾಗಿ, ವಾರ್ತೆ ಓದುವವರ ಧಾಟಿಯಲ್ಲಿ ಓದುತ್ತಿದ್ದರು. ಅಮ್ಮ ಹೊಸ್ತಿಲಿನಾಚೆ ಕೂತು ಕೇಳುತ್ತಿದ್ದಳು. ಕನ್ನಡ ನಮ್ಮ ಮನೆಗೆ ಬರುತ್ತಿದ್ದದ್ದೇ ಹಾಗೆ, ಅಚ್ಚಾಗಿ. ಅಚ್ಚಾದದ್ದು ತಪ್ಪಿರುತ್ತದೆ ಎಂದು ನಮಗ್ಯಾರಿಗೂ ಅನ್ನಿಸಿರಲಿಲ್ಲ.

ಮುಂಗಾರಿನ ಮೊದಲ ಮಳೆ ಬಿದ್ದ ಕೂಡಲೇ ಬಿತ್ತಿರಿ ಎಂದು ಪುಸ್ತಿಕೆ ಹೇಳಿತು, ಅಮ್ಮ ಬಿತ್ತಿದಳು. ನಮ್ಮೂರಿನಲ್ಲಿ ಮೊದಲ ಮಳೆ ಬಿದ್ದು ಸುಮ್ಮನಾಗುವುದಿಲ್ಲವಲ್ಲ, ಅದು ಬಂದು ಕೂತಿತು. ಹಿತ್ತಿಲು ಕೆರೆಯಾಯಿತು, ಬೀಜ ಕೊಳೆಯಿತು. ಅಮ್ಮ ಅಳಲಿಲ್ಲ. ಸೀರೆ ಎತ್ತಿ ಸಿಕ್ಕಿಸಿ, ತಲೆಗೆ ಗೋಣಿ ಹೊದ್ದು, ನೀರಿನಲ್ಲಿ ನಿಂತು ಮಣ್ಣನ್ನು ಎಳೆದು ಎಳೆದು ಏರು ಸಾಲು ಮಾಡಿ ಮತ್ತೆ ಬೀಜ ಹಾಕಿದಳು. ಈ ಸಲ ಮೊಳಕೆ ಬಂತು, ಬಳ್ಳಿಯಾಯಿತು. ಕಂಪೌಂಡಿಗೆ ಕೋಲು ಒರಗಿಸಿ, ಹಳೆಯ ಬಲೆ ಕಟ್ಟಿ ಹಬ್ಬಿಸಿದೆವು. ಇನ್ನೇನು ಹೂ ಬಿಡಬೇಕು ಅನ್ನುವಷ್ಟರಲ್ಲಿ ಮಳೆ ಸ್ವಲ್ಪ ಬಿಡುವು ಕೊಟ್ಟಿತು. ಬಿಸಿಲು ಬಿದ್ದದ್ದೇ ತಡ, ಕುಡಿಗಳ ತುಂಬಾ ಕಪ್ಪು ಹೇನು.

ಅಪ್ಪ ಪುಸ್ತಿಕೆ ತೆಗೆದು ಓದಿದರು: ಬೇವಿನ ಎಲೆಗಳನ್ನು ಜಜ್ಜಿ, ನೀರಿನಲ್ಲಿ ಕುದಿಸಿ, ಆರಿದ ಮೇಲೆ ಸಿಂಪಡಿಸತಕ್ಕದ್ದು. ಅಮ್ಮನ ಮುಖ ಅರಳಿತು. ಬೇವು ಹಿತ್ತಿಲಿನಲ್ಲೇ ಉಂಟಲ್ಲ. ಮರುದಿನ ಗಿಡದ ಅರ್ಧ ಸೊಪ್ಪು ಇಳಿಯಿತು, ಬಚ್ಚಲಿನ ಒಲೆಯ ಮೇಲೆ ದೊಡ್ಡ ಪಾತ್ರೆ ಏರಿತು. ಘಮವೆಂದರೆ ಘಮ, ಓಣಿಯ ಕೊನೆಯವರೆಗೆ. ಪಕ್ಕದ ಮನೆಯ ಐಸಮ್ಮ ಕಂಪೌಂಡಿನ ಮೇಲಿನಿಂದ ಇಣುಕಿ, ಎಂತ ವಿಶೇಷ, ನೆಂಟರು ಬರ್ತಾರಾ ಎಂದು ಕೇಳಿದಳು. ಕಡ್ಡಿಯ ಹಿಡಿಸೂಡಿ ಪೊರಕೆಯನ್ನು ಅದ್ದಿ ಅದ್ದಿ ಅಮ್ಮ ಬಳ್ಳಿಗೆ ಚಿಮುಕಿಸಿದಳು. ಹಿತ್ತಿಲಿಗೆ ಹಿತ್ತಿಲೇ ಸಾರಿನ ಪರಿಮಳ. ಹೇನುಗಳು ಇದ್ದಲ್ಲಿಯೇ ಇದ್ದವು. ಸಾಲಲಿಲ್ಲ ಎಂದುಕೊಂಡು ಅಮ್ಮ ಮತ್ತೆ ಕುದಿಸಿದಳು, ಇನ್ನೂ ಗಟ್ಟಿಯಾಗಿ. ಬೇವಿನ ಗಿಡದಲ್ಲಿ ಕೊನೆಗೆ ಕಡ್ಡಿಗಳು ಮಾತ್ರ ಉಳಿದವು. ಅಜ್ಜಿಯ ಒಗ್ಗರಣೆಗೆ ಸಾಸಿವೆ ಒಂದೇ ಗತಿಯಾಯಿತು. ಅವಳು ಅಡುಗೆಮನೆಯಿಂದಲೇ ಕೂಗಾಡಿದಳು, ತರಕಾರಿ ಬರುವುದು ಹಾಗಿರಲಿ, ಇದ್ದ ಬೇವನ್ನೂ ತೆಗೆದಳಲ್ಲ ಎಂದು. ಆ ಮಾತು ಅಮ್ಮನಿಗೆ ನಾಟಿತು. ಅಂದು ಅವಳು ಊಟ ಮಾಡಲಿಲ್ಲ.

ಊಟ ಬಿಟ್ಟಳು, ಹಟ ಬಿಡಲಿಲ್ಲ. ಒಂದು ಬೆಳಿಗ್ಗೆ ಹೇನು ಹಿಡಿದ ಕುಡಿಯನ್ನು ಕವರಿಗೆ ಹಾಕಿ, ಉಳಿದ ಕಷಾಯವನ್ನು ಬಾಟಲಿಗೆ ತುಂಬಿ, ಪುಸ್ತಿಕೆ ಹಿಡಿದು, ನನ್ನನ್ನು ಕರೆದುಕೊಂಡು ಬಸ್ಸು ಹತ್ತಿದಳು. ನಂತೂರಿನಲ್ಲಿ ಲಾರಿಗಳ ಹಿಂದೆ ಬಸ್ಸು ನಿಂತಾಗ ಬಾಟಲಿಯ ಮುಚ್ಚಳ ಸಡಿಲವಾಗಿ ಬಸ್ಸೆಲ್ಲ ಘಮಘಮ. ಕಂಡಕ್ಟರ್ ಊಟ ಎಲ್ಲಿಗೆ ಎಂದು ಕೇಳಿದ. ಅಮ್ಮ ಕಿಟಕಿಯ ಹೊರಗೆ ನೋಡುತ್ತ ಕೂತಳು.

ಕೃಷಿ ಕಚೇರಿಯಲ್ಲಿ ಒಬ್ಬರು ಸಾಹೇಬರಿದ್ದರು, ಬಯಲುಸೀಮೆಯ ಕಡೆಯವರು, ವರ್ಗವಾಗಿ ಹೊಸದಾಗಿ ಬಂದವರು. ಅಮ್ಮ ತನ್ನ ಪುಸ್ತಕದ ಕನ್ನಡದಲ್ಲಿ ತಡೆತಡೆದು ಎಲ್ಲ ಹೇಳಿದಳು. ಬೇವು ಎಷ್ಟು ಹಾಕಿದಿರಿ ಎಂದು ಅವರು ಕೇಳಿದರು. ಗಿಡ ಪೂರ್ತಿ, ಎಂದಳು ಅಮ್ಮ. ಅವರಿಗೆ ಅರ್ಥವಾಗಲಿಲ್ಲ. ಬೇವಿನ ಮರ ಬೋಳಾಗುವಷ್ಟು ಕಿತ್ತರಾ, ಮರ ಎಷ್ಟು ದೊಡ್ಡದು? ನನ್ನಷ್ಟು ಉಂಟು, ಎಂದಳು. ಅವರು ಅವಳನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು, ಬಾಟಲಿ ತೆಗೆದುಕೊಂಡರು, ಮುಚ್ಚಳ ಬಿಚ್ಚಿ ಮೂಸಿದರು.

"ಅಕ್ಕಾರ, ನೀವು ಹುಳಕ್ಕ ಒಗ್ಗರಣಿ ಕೊಟ್ಟೀರಿ."

ಆಮೇಲೆ ತಿಳಿಸಿ ಹೇಳಿದರು. ಅವರ ಕಡೆ ಬೇವು ಎಂದರೆ ಕಹಿಬೇವು, ದೊಡ್ಡ ಮರ. ನಮ್ಮ ಒಗ್ಗರಣೆಯ ಸೊಪ್ಪಿಗೆ ಅವರು ಕರಿಬೇವು ಎನ್ನುತ್ತಾರೆ. ಪುಸ್ತಿಕೆ ಬರೆದವರು ಅವರ ಕಡೆಯವರು, ಅವರ ಮಾತಿನಲ್ಲಿ ಬರೆದಿದ್ದಾರೆ. ಅಮ್ಮನ ಮುಖ ಕೆಂಪಾದದ್ದು ನೋಡಿ ಅವರು ತಮ್ಮ ಕಥೆಯನ್ನೂ ಹೇಳಿದರು. ಇಲ್ಲಿಗೆ ಬಂದ ಹೊಸತರಲ್ಲಿ ಯುಗಾದಿಗೆಂದು ಮಾರ್ಕೆಟಿನಲ್ಲಿ ಬೇವು ಕೇಳಿದರೆ ಕರಿಬೇವಿನ ಕಟ್ಟು ಕೊಟ್ಟರಂತೆ. ಇದಲ್ಲ, ಬೇವು ಕೊಡಿ ಎಂದರೆ, ಇದೇ ಬೇವು, ನಿಮಗೆಂತ ಕಣ್ಣು ಕಾಣುವುದಿಲ್ಲವಾ ಎಂದು ಬೈಸಿಕೊಂಡರಂತೆ. ನನಗೆ ನಮ್ಮ ಶಾಲೆಯ ಪಾಠ ನೆನಪಾಯಿತು. ಯುಗಾದಿಗೆ ಬೇವು ಬೆಲ್ಲ ತಿನ್ನುತ್ತಾರೆ ಎಂದು ಅದರಲ್ಲಿತ್ತು. ನಮಗೆ ಹೊಸ ವರ್ಷದ ಹಬ್ಬ ಎಂದರೆ ಬಿಸು, ಯುಗಾದಿ ಇಲ್ಲ. ಒಗ್ಗರಣೆ ಸೊಪ್ಪಿಗೆ ಬೆಲ್ಲ ಸೇರಿಸಿ ತಿನ್ನುವವರು ಎಂಥ ಜನವಪ್ಪ ಎಂದುಕೊಂಡೇ ನಾನು ಪರೀಕ್ಷೆಯಲ್ಲಿ ಉತ್ತರ ಬರೆದಿದ್ದೆ.

ನಾನು ನಕ್ಕೆ, ಸಾಹೇಬರೂ ನಕ್ಕರು. ಅಮ್ಮ ನಗಲಿಲ್ಲ. ಅವಳು ಪುಸ್ತಿಕೆಯನ್ನು ಮೇಜಿನ ಮೇಲಿಟ್ಟು ಕೇಳಿದಳು.

"ಇದನ್ನು ಬರೆದವರ ಮನೆಯಲ್ಲಿ ಮಳೆ ಎಷ್ಟು ಬರ್ತದೆ?"

ನಿಮ್ಮಲ್ಲಿ ಒಂದು ವಾರಕ್ಕೆ ಬೀಳುವುದು ಅಲ್ಲಿ ವರ್ಷವಿಡೀ ಬಿದ್ದರೆ ಪುಣ್ಯ ಎಂದರು ಅವರು. ಅಮ್ಮ ತಲೆಯಾಡಿಸಿದಳು. ಮೊದಲ ಬೀಜ ಕೊಳೆತದ್ದು ಯಾಕೆ ಎಂದು ಅವಳಿಗೆ ಆ ಕ್ಷಣಕ್ಕೆ ಗೊತ್ತಾಯಿತು. ಹಾಗಾದರೆ ಈ ಕಹಿಬೇವನ್ನು ಹೊಡೆದರೆ ನಮ್ಮ ಮಳೆಯಲ್ಲಿ ಅದು ಎಲೆಯ ಮೇಲೆ ನಿಲ್ಲುತ್ತದಾ ಎಂದು ಮುಂದಿನ ಪ್ರಶ್ನೆ ಹಾಕಿದಳು. ಸಾಹೇಬರು ಪೆನ್ನು ಕೆಳಗಿಟ್ಟರು.

"ಗೊತ್ತಿಲ್ರೀ ಅಕ್ಕಾರ. ನಿಮ್ಮೂರಾಗ ಇದು ನನ್ನ ಮೊದಲನೇ ಮಳಿಗಾಲ. ಒಂದು ಬಳ್ಳಿಗೆ ಹೊಡೀರಿ, ಬಾಜೂದ್ದಕ್ಕ ಹೊಡೀಬ್ಯಾಡ್ರಿ. ಏನಾತು ನನಗೂ ಬಂದು ಹೇಳ್ರಿ."

ಮೇಜಿನ ಆಚೆ ಕೂತ ದೊಡ್ಡವರೊಬ್ಬರು ಗೊತ್ತಿಲ್ಲ ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಮೇಷ್ಟ್ರು ಹೇಳಿದವರಲ್ಲ, ದೊಡ್ಡಪ್ಪ ಹೇಳಿದವರಲ್ಲ, ಅಜ್ಜಿಯಂತೂ ಇಲ್ಲವೇ ಇಲ್ಲ. ನನಗೆ ಸ್ವಲ್ಪ ಬೇಸರವೇ ಆಯಿತು. ಇಷ್ಟು ದೂರ ಬಂದು ಗೊತ್ತಿಲ್ಲ ಎನ್ನಿಸಿಕೊಂಡು ಹೋಗುವುದಾ ಎಂದು ಬಸ್ಸಿನಲ್ಲಿ ಗೊಣಗಿದೆ. ಅಮ್ಮ ಹೇಳಿದಳು, ಇಷ್ಟು ಜನರಲ್ಲಿ ಕೇಳಿದೆನಲ್ಲ, ನಂಬಬಹುದು ಅನ್ನಿಸಿದ್ದು ಇವರೊಬ್ಬರನ್ನೇ. ಯಾಕೆ ಎಂದರೆ ಹೇಳಲಿಲ್ಲ. ಅದನ್ನು ನಾನೇ ಕಂಡುಕೊಳ್ಳಲು ಬಹಳ ಕಾಲ ಹಿಡಿಯಿತು.

ಕಹಿಬೇವಿನ ಮರ ನಮ್ಮ ಕಡೆ ಕಡಿಮೆ. ಬಂದರಿನ ಹತ್ತಿರದ ಒಂದು ಹಳೆಯ ಗೋದಾಮಿನ ಅಂಗಳದಲ್ಲಿ ಒಂದು ಇದೆ ಎಂದು ಐಸಮ್ಮ ಹೇಳಿದಳು, ಅವಳೇ ಗೆಲ್ಲು ತರಿಸಿಕೊಟ್ಟಳು. ಈ ಸಲ ಕುದಿಸಿದಾಗ ಯಾರೂ ನೆಂಟರ ವಿಷಯ ಕೇಳಲಿಲ್ಲ, ಮೂಗು ಮುಚ್ಚಿಕೊಂಡರು. ಅಮ್ಮ ಬಳ್ಳಿಗಳನ್ನು ಬೇರೆ ಬೇರೆ ಮಾಡಿದಳು. ಒಂದಕ್ಕೆ ಕಹಿಬೇವಿನ ನೀರು, ಒಂದಕ್ಕೆ ಅಜ್ಜಿ ಹೇಳಿದ ಒಲೆಯ ಬೂದಿ, ಒಂದಕ್ಕೆ ಏನೂ ಇಲ್ಲ, ಬೆರಳಿನಲ್ಲಿ ಸವರಿ ತೆಗೆಯುವುದು ಮಾತ್ರ. ಯಾವುದು ಯಾವುದೆಂದು ತಿಳಿಯಲು ನನ್ನ ಹಳೆಯ ರಿಬ್ಬನ್ ಹರಿದು ಕಟ್ಟಿದಳು. ಬೂದಿ ಮೊದಲ ಮಳೆಗೆ ಅಂಟು ಅಂಟಾಗಿ ಎಲೆಯನ್ನೇ ಕೆಡಿಸಿತು. ಕಹಿಬೇವು ಹೊಡೆದ ಗಳಿಗೆಗೆ ಮಳೆ ಬಂದರೆ ತೊಳೆದು ಹೋಯಿತು, ಸಂಜೆ ಹೊಡೆದು ಬೆಳಗಿನವರೆಗೆ ಮಳೆ ಬಾರದಿದ್ದರೆ ಹೇನು ಉದುರಿತು. ಹಾಗಾಗಿ ಅಮ್ಮ ಆಕಾಶ ನೋಡಲು ಕಲಿತಳು. ದಿನವೂ ಸಂಜೆ ಬಚ್ಚಲಿನ ಮೆಟ್ಟಿಲ ಮೇಲೆ ನಿಂತು, ಸಮುದ್ರದ ದಿಕ್ಕಿಗೆ ಮುಖ ಮಾಡಿ, ಇವತ್ತು ಆಗ್ತದೆ, ಇವತ್ತು ಬೇಡ, ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಬೆರಳಿನಲ್ಲಿ ಸವರಿದ ಬಳ್ಳಿಯೂ ಬದುಕಿತು, ಅದಕ್ಕೆ ಬೇಕಾದದ್ದು ಅಮ್ಮನ ಬೆನ್ನು, ಅಷ್ಟೆ. ಕಚೇರಿಗೆ ಮತ್ತೊಮ್ಮೆ ಹೋಗಿ ಎಲ್ಲವನ್ನೂ ಸಾಹೇಬರಿಗೆ ಒಪ್ಪಿಸಿ ಬಂದಳು. ಅವರು ಗಮನ ಕೊಟ್ಟು ಕೇಳಿಸಿಕೊಂಡರು. ಅಮ್ಮನ ಮಾತನ್ನು ಯಾರಾದರೂ ಅಷ್ಟು ಹೊತ್ತು ಕೇಳಿದ್ದನ್ನು ನಾನು ಮೊದಲು ಕಂಡಿರಲಿಲ್ಲ.

ಇದನ್ನೆಲ್ಲ ಅಜ್ಜಿ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದಳು. ಬೂದಿ ಹಾಳು ಮಾಡಿದ ಬಳ್ಳಿಯನ್ನು ಅಮ್ಮ ಕಿತ್ತು ಬಿಸಾಡುವಾಗಲೂ ನೋಡಿದಳು. ನಮ್ಮಲ್ಲಿ ಹೀಗೆ ಮಾಡುತ್ತಿದ್ದೆವು ಎಂಬ ಮಾತು ಅಂದಿನಿಂದ ಕಡಿಮೆಯಾಯಿತು.

ಚೌತಿ ಬಂತು. ದೊಡ್ಡಪ್ಪ ಮನೆಯ ಹಿರಿಯರು, ಆದರೂ ಹಬ್ಬದ ಊಟ ಯಾವಾಗಲೂ ಅಜ್ಜಿ ಇದ್ದ ನಮ್ಮಲ್ಲಿ. ಅರಸಿನ ಎಲೆಯಲ್ಲಿ ಸುತ್ತಿದ ಗಟ್ಟಿ ಕಡುಬು ಬೆಂದ ಪರಿಮಳ ಮನೆ ತುಂಬಿತ್ತು. ಅಮ್ಮ ಬೆಳಿಗ್ಗೆ ಬಳ್ಳಿಯಿಂದ ಇಳಿಸಿದ ಅಲಸಂಡೆ ದೊಡ್ಡ ರಾಶಿಯೇನಲ್ಲ, ಪಲ್ಯ ಮಾಡಿದರೆ ಎಲ್ಲರ ಎಲೆಗೂ ಒಂದೊಂದು ಚಮಚ ಬರಬಹುದಾದಷ್ಟು. ಬೋಳಾಗಿದ್ದ ಬೇವಿನ ಗಿಡ ಆ ಹೊತ್ತಿಗೆ ಬುಡದಿಂದ ತುದಿಯವರೆಗೆ ಚಿಗುರಿ, ಮೊದಲಿಗಿಂತ ದಟ್ಟವಾಗಿತ್ತು. ಒಗ್ಗರಣೆಗೆ ಅದರ ಎಳೆಯ ಎಲೆಯೂ ಬಿತ್ತು. ಚಾವಡಿಯಲ್ಲಿ ಎಲೆ ಹಾಕಿ, ಗಂಡಸರು ಕೂತ ಮೇಲೆ ಅಮ್ಮ ಪಲ್ಯ ಬಡಿಸಿದಳು. ದೊಡ್ಡಪ್ಪ ತಿಂದರು. ಒಳ್ಳೆಯದಾಗಿದೆ ಎಂದರು, ಹಿತ್ತಿಲಿನದ್ದಾ ಎಂದು ಕೇಳಿದರು, ಹೌದು ಎಂದರು ಅಪ್ಪ. ಆಮೇಲೆ ದೊಡ್ಡಪ್ಪ ಮೆಲ್ಲನೆ, ಬೈಯುವವರಂತೆ ಅಲ್ಲ, ಅಪ್ಪನಿಗೆ ಹೇಳಿದರು. ಅವರು ಅಜ್ಜಿಯನ್ನು ಕರೆಯುತ್ತಿದ್ದದ್ದು ಅಪ್ಪೆ ಎಂದು.

"ಇಷ್ಟಕ್ಕೆ ಇಷ್ಟು ರಂಪ ಯಾಕೆ ಮಾರಾಯ? ಅಪ್ಪೆಯಲ್ಲಿ ಒಂದು ಮಾತು ಕೇಳಿದ್ರೆ ಆಗ್ತಿತ್ತು, ಅವರಿಗೆ ಗೊತ್ತಿಲ್ಲದ್ದು ಉಂಟಾ? ಸಾಮಾನು ಇಡ್ಲಿಕ್ಕೆ ಜಾಗ ಬೇಕು ನನಗೆ."

ಅಪ್ಪ ಎಲೆ ನೋಡಿದರು. ಅಮ್ಮ ಪಲ್ಯದ ಪಾತ್ರೆ ಹಿಡಿದು ನಿಂತಲ್ಲೇ ನಿಂತಳು. ಮುಗಿಯಿತು, ಸಿಮೆಂಟು ಬಂತು, ಎಂದುಕೊಂಡೆ ನಾನು. ಅಜ್ಜಿ ಎಲೆಯ ತುದಿಗೆ ಉಪ್ಪು ಹಾಕುತ್ತ ಬರುತ್ತಿದ್ದವಳು ದೊಡ್ಡಪ್ಪನ ಎದುರು ನಿಂತಳು.

"ನನಗೆ ಗೊತ್ತಿಲ್ಲ ಮಗಾ. ಗದ್ದೆಗೆ ಇಳಿದವಳಲ್ಲ ನಾನು. ನಾವು ಮಾಡಿಸಿದ್ದು, ಮಾಡಿದ್ದಲ್ಲ. ಇವಳು ಕೇಳುವಾಗ ಬಾಯಿಗೆ ಬಂದದ್ದು ಹೇಳಿದ್ದೇನೆ. ಗೊತ್ತಿರುವುದು ವಾರಿಜನಿಗೆ. ಹಿತ್ತಿಲು ಅವಳದ್ದು, ನೀನು ಬೇರೆ ಕಡೆ ಜಾಗ ನೋಡು."

ವಾರಿಜ ಎಂದರೆ ನನ್ನಮ್ಮ. ಅದಕ್ಕೆ ಮೊದಲು ಆ ಮನೆಯಲ್ಲಿ ಅವಳ ಹೆಸರನ್ನು ಯಾರಾದರೂ ಚಾವಡಿಯಲ್ಲಿ ಹೇಳಿದ್ದು ನನಗೆ ನೆನಪಿಲ್ಲ. ದೊಡ್ಡಪ್ಪ ಏನೋ ಹೇಳಲು ಬಾಯಿ ತೆರೆದರು. ಅಜ್ಜಿ ಅಮ್ಮನ ಕಡೆ ತಿರುಗಿ, ಅವನಿಗೆ ಇನ್ನೊಂದು ಚಮಚ ಪಲ್ಯ ಹಾಕು ಎಂದಳು. ಅವರು ಬಾಯಿ ಮುಚ್ಚಿ ಉಂಡರು.

ಮರುದಿನ ಬೆಳಿಗ್ಗೆ ಅಮ್ಮ ಬಳ್ಳಿಯ ಹತ್ತಿರ ಬಗ್ಗಿ ಹೇನು ಹುಡುಕುತ್ತಿದ್ದಳು, ನಾನು ಬಾವಿಕಟ್ಟೆಯಲ್ಲಿ ಹಲ್ಲುಜ್ಜುತ್ತಿದ್ದೆ. ಅಜ್ಜಿ ಒಗ್ಗರಣೆಯ ಬಟ್ಟಲು ಹಿಡಿದು ಬಂದಳು. ಇಷ್ಟು ವರ್ಷ ಸೀದಾ ಬಂದು ಕೈ ಹಾಕಿ ಕಿತ್ತುಕೊಂಡು ಹೋಗುತ್ತಿದ್ದವಳು ಅಂದು ಬಚ್ಚಲಿನ ಮೆಟ್ಟಿಲಿನಿಂದ ಕೆಳಗೆ ಇಳಿಯಲಿಲ್ಲ.

"ವಾರಿಜಾ, ಎರಡು ಎಸಳು ಬೇವು ತೆಗೆಯಲಾ?"

ಅಮ್ಮ ಬಗ್ಗಿದಲ್ಲಿಂದ ಏಳಲಿಲ್ಲ, ತಿರುಗಿಯೂ ನೋಡಲಿಲ್ಲ, ದನಿಯಲ್ಲಿ ಮಾತ್ರ ನಗು ಇತ್ತು.

"ಯಾವ ಬೇವು ಅತ್ತೆ?"